ಬೆಂಗಳೂರಿನ ಗಾಳಿಯಲ್ಲಿ ಪಾಸಾದ ಗುಂಡು

50 ಮೀಟರ್ ದೂರದಲ್ಲಿ ನಿಲ್ಲಿಸಿದ ಕಾರ್ಡ್‌ಶೀಟಿನ ಮೇಲೆ 6 ಎಂಎಂ ಗುಂಡು ಮಾಡಿದ ಹತ್ತು ತೂತು. ಬರಿಗಣ್ಣಿಗೆ ಎಲ್ಲವೂ ದುಂಡಗೇ ಕಾಣುತ್ತವೆ, ಗ್ರೂಪು, ಅಂದರೆ ಎಲ್ಲ ತೂತುಗಳ ಹರವು, ಕೂಡ ಚಿಕ್ಕದಾಗಿದೆ. ಭೂತಗನ್ನಡಿ ಹಿಡಿದು ನೋಡಿದರೆ ಮಾತ್ರ ಆರೇಳು ತೂತುಗಳ ಅಂಚಿನ ಕಪ್ಪು ಉಂಗುರ ಒಂದು ಪಕ್ಕಕ್ಕೆ ದಪ್ಪಗಾಗಿ ಎದುರು ಪಕ್ಕದಲ್ಲಿ ಸವೆದಂತೆ ಕಾಣುತ್ತದೆ, ಗುಂಡು ಸ್ವಲ್ಪ ವಾಲಿಕೊಂಡು ಬಂದದ್ದರ ಗುರುತು. ಇದು ಏಪ್ರಿಲ್ ಮಧ್ಯಾಹ್ನದ ಬೆಂಗಳೂರಿನ ಹಾಳೆ. ಇದನ್ನು ನೋಡಿ ‘ಹೊಂದಿಕೊಳ್ತು ಬಿಡಿ’ ಎಂದುಕೊಂಡು ಅದೇ ಬ್ಯಾರಲ್, ಅದೇ ಗುಂಡು ಹೊತ್ತು ಡಿಸೆಂಬರಿನಲ್ಲಿ ದಿಲ್ಲಿ ಕಡೆ ಹೊರಟರೆ, ಬೆಳಗಿನ ಮೊದಲ ಡಿಟೇಲಿನಲ್ಲೇ (ಸರದಿಯಲ್ಲೇ) ಗುಂಡು ಮೈ ವಾಲಿಸಿಕೊಂಡು ಹಾಳೆಗೆ ಅಡ್ಡಡ್ಡ ಬೀಳಲು ಶುರುವಾಗುತ್ತದೆ. ರೈಫಲ್ ಕೆಟ್ಟಿಲ್ಲ, ಮದ್ದು ಕೆಟ್ಟಿಲ್ಲ. ಬೆಂಗಳೂರಿನ ತೆಳು ಗಾಳಿ ಇಷ್ಟು ದಿನ ಮುಚ್ಚಿಟ್ಟಿದ್ದ ಕೊರತೆಯನ್ನು ದಿಲ್ಲಿಯ ಚಳಿ ಹೊರಗೆ ಹಾಕಿತು, ಅಷ್ಟೇ.

ಗುಂಡಿಗೂ ಬ್ಯಾರಲಿನ ಟ್ವಿಸ್ಟಿಗೂ, ಅಂದರೆ ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಗೆರೆಗಳ ಬಿಗಿಗೂ, ಜೋಡಿ ಕೂಡಿಸುವ ಕೆಲಸವನ್ನು ನಾವು ಹೇಗೆ ಮಾಡುತ್ತೇವೆ, ಯಾವ ಹಂತದಲ್ಲಿ ಎಡವುತ್ತೇವೆ ಎಂಬುದನ್ನು ಮಾಡುವ ಕ್ರಮದಲ್ಲೇ ಬರೆಯುತ್ತೇನೆ. ಲೈಸೆನ್ಸ್, ಆಮದು, ಅಸೋಸಿಯೇಷನ್ ಪತ್ರಗಳ ಪುರಾಣ ಇಲ್ಲಿ ಬೇಡ. ಅದಕ್ಕೆ ಇನ್ನೊಂದು ದಿನವೇ ಬೇಕು.

ಮೊದಲು ಬ್ಯಾರಲ್. 1:10 ಅಂದರೆ ಗುಂಡು 10 ಇಂಚು ಮುಂದೆ ಹೋಗುವಷ್ಟರಲ್ಲಿ ಒಂದು ಪೂರ್ತಿ ಸುತ್ತು. ಯುರೋಪಿನ ಬ್ಯಾರಲಿನ ಕಾಗದದಲ್ಲಿ ಇದೇ 254 ಎಂಎಂ ಎಂದಿರುತ್ತದೆ. 1:12 ಅಂದರೆ 305, 1:8 ಅಂದರೆ 203. ಬ್ಯಾರಲಿನ ಮೇಲೆ ಕೊರೆದ ಅಂಕಿಯನ್ನು ನಂಬಬೇಡಿ, ಅಳೆಯಿರಿ. ಕೈ ಬದಲಾದ ಹಳೆಯ ರೈಫಲ್‌ಗಳಲ್ಲಿ ಬ್ಯಾರಲ್ ಯಾವತ್ತೋ ಬದಲಾಗಿರುತ್ತದೆ, ಮಾಲೀಕರಿಗೇ ನೆನಪಿರುವುದಿಲ್ಲ.

ಬೋಲ್ಟ್ ತೆಗೆದು, ಚೇಂಬರ್ ಖಾಲಿ ಇದೆಯೆಂದು ಬೆರಳಿಟ್ಟು ನೋಡಿ, ರೈಫಲನ್ನು ಕ್ಲೀನಿಂಗ್ ತೊಟ್ಟಿಲಿನಲ್ಲಿ ಅಲುಗಾಡದಂತೆ ಕೂರಿಸಿ. ರಾಡನ್ನು ಬ್ಯಾರಲಿನೊಳಗೆ ನೆಟ್ಟಗೆ ನಡೆಸುವ ಕೊಳವೆ, ಬೋರ್ ಗೈಡ್, ಹಾಕಿ. ಕ್ಲೀನಿಂಗ್ ರಾಡಿನ ಹಿಡಿ ಬೇರಿಂಗ್ ಮೇಲೆ ಸಲೀಸಾಗಿ ತಿರುಗುವಂಥದ್ದೇ ಆಗಿರಬೇಕು. ಜ್ಯಾಗಿಗೆ (ರಾಡಿನ ತುದಿಯ ಮೊಳೆಗೆ) ಎಣ್ಣೆ ಸವರಿದ ಬಿಗಿಯಾದ ಪ್ಯಾಚ್ ಬಟ್ಟೆ ಸುತ್ತಿ, ರೈಫ್ಲಿಂಗ್ (ಒಳಗಿನ ಸುರುಳಿ ಗೆರೆಗಳು) ಕಚ್ಚುವವರೆಗೆ ಒಳಗೆ ತಳ್ಳಿ. ಈಗ ರಾಡಿನ ಮೇಲೆ ಮಾಸ್ಕಿಂಗ್ ಟೇಪಿನ ಒಂದು ಚಿಕ್ಕ ಬಾವುಟ ಅಂಟಿಸಿ, ನೆಟ್ಟಗೆ ಮೇಲಕ್ಕೆ ನಿಲ್ಲುವ ಹಾಗೆ. ಬೋರ್ ಗೈಡಿನ ಅಂಚಿಗೆ ಸರಿಯಾಗಿ ರಾಡಿನ ಮೇಲೆ ಪೆನ್ನಿನ ಗೆರೆ. ನಿಧಾನವಾಗಿ ತಳ್ಳಿ. ಬಾವುಟ ಒಂದು ಸುತ್ತು ಹಾಕಿ ಮತ್ತೆ ಮೇಲಕ್ಕೆ ಬಂದಾಗ ಇನ್ನೊಂದು ಗೆರೆ. ಎರಡು ಗೆರೆಗಳ ನಡುವಿನ ಅಂತರವೇ ಟ್ವಿಸ್ಟ್.

ಒಂದು ಸಲ ಅಳೆದರೆ ಸಾಲದು, ಐದು ಸಲ ಬೇಕು. ಪ್ಯಾಚ್ ಸಡಿಲವಿದ್ದರೆ ರೈಫ್ಲಿಂಗ್ ಮೇಲೆ ಜಾರುತ್ತದೆ. ಜಾರಿದರೆ ರಾಡ್ ತಿರುಗುವುದು ಕಡಿಮೆಯಾಗಿ ಅಳತೆ ಉದ್ದ ಬರುತ್ತದೆ. ಅಂದರೆ ತಪ್ಪು ಯಾವಾಗಲೂ ಒಂದೇ ದಿಕ್ಕಿಗೆ. 10.1, 10.0, 10.1, 10.9, 10.0 ಎಂದು ಬಂದರೆ ಆ 10.9 ಜಾರಿದ ಅಳತೆ, ಅದನ್ನು ಸೇರಿಸಿ ಸರಾಸರಿ ತೆಗೆಯಬಾರದು. ಅರ್ಧ ಸುತ್ತು ಅಳೆದು ಎರಡರಿಂದ ಗುಣಿಸುವ ಶಾರ್ಟ್‌ಕಟ್ಟೂ ಬೇಡ, ತಪ್ಪೂ ಎರಡರಿಂದ ಗುಣವಾಗುತ್ತದೆ. 12 ಇಂಚಿನ ಟ್ವಿಸ್ಟನ್ನು 11.5 ಎಂದು ಬರೆದುಕೊಂಡರೆ ಮುಂದಿನ ಲೆಕ್ಕದಲ್ಲಿ ಸುಮಾರು ಶೇ. 9ರಷ್ಟು ಸುಳ್ಳು ಸೇರಿಕೊಳ್ಳುತ್ತದೆ.

ಇನ್ನು ಗುಂಡು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಇರುವುದು ಗ್ರೇನ್, ಅಂದರೆ ತೂಕ. ಹಾಗಾಗಿ ಎಲ್ಲರ ಬಾಯಲ್ಲೂ ‘ಈ ಬ್ಯಾರಲ್ ಎಷ್ಟು ಗ್ರೇನ್ ತಡೆಯುತ್ತೆ?’ ಎಂಬ ಪ್ರಶ್ನೆಯೇ. ಪ್ರಶ್ನೆಯೇ ತಪ್ಪು. ಟ್ವಿಸ್ಟ್ ಕೇಳುವುದು ಉದ್ದವನ್ನು. ಹಾರುವಾಗ ಗಾಳಿ ಒತ್ತುವ ಜಾಗ ಗುಂಡಿನ ತೂಕದ ಕೇಂದ್ರಕ್ಕಿಂತ ಮುಂದೆ, ಮೂತಿಯ ಕಡೆಗೆ ಇರುತ್ತದೆ. ಆ ಒತ್ತಡ ಮೂತಿಯನ್ನು ಎತ್ತಿ ಗುಂಡನ್ನು ಮಗುಚಲು ನೋಡುತ್ತದೆ. ಬುಗುರಿ ಬೀಳದಂತೆ ತಡೆಯುವುದು ಯಾವುದೋ ಅದೇ ಇಲ್ಲೂ ತಡೆಯಬೇಕು. ಗುಂಡು ಉದ್ದವಾದಷ್ಟೂ ಮಗುಚುವ ಸನ್ನೆ ಉದ್ದ, ಮೈ ಮಾತ್ರ ಸಪೂರ. ಆದ್ದರಿಂದ ಸುತ್ತು ಇನ್ನೂ ಜೋರಾಗಬೇಕು.

ತೂಕ ಒಂದೇ ಇದ್ದರೂ ಉದ್ದ ಬೇರೆಬೇರೆ. ಸೀಸದ ಸಾಂದ್ರತೆ 11.3, ತಾಮ್ರದ್ದು 8.96; ಹಾಗಾಗಿ ಪೂರ್ತಿ ತಾಮ್ರದ ಗುಂಡು ಅದೇ ಗ್ರೇನಿನ ಸೀಸದ ಗುಂಡಿಗಿಂತ ಉದ್ದ. ಹಿಂಭಾಗ ಚಪ್ಪಟೆ ಇರುವುದಕ್ಕಿಂತ ದೋಣಿಬಾಲದ್ದು (ಬುಡ ಸಣ್ಣಗಾಗುತ್ತಾ ಹೋಗುವಂಥದ್ದು) ಉದ್ದ, ಅದಕ್ಕಿಂತ ವಿಎಲ್‌ಡಿ, ಹೈಬ್ರಿಡ್ ಎಂಬ ಚೂಪು ಮೂತಿಯ ವಿನ್ಯಾಸಗಳು ಉದ್ದ. ಮೂತಿಗೆ ಪ್ಲಾಸ್ಟಿಕ್ ಟೋಪಿ ಇರುವ ಗುಂಡಿಗೆ ಟೋಪಿಯ ಉದ್ದವನ್ನು ಬೇರೆ ಬರೆದುಕೊಳ್ಳಬೇಕು. ಅದಕ್ಕೆ ಉದ್ದವಿದೆ, ತೂಕ ಇಲ್ಲವೆನ್ನುವಷ್ಟು ಕಡಿಮೆ. ಸಾದಾ ಸೂತ್ರಕ್ಕೆ ಹಾಕಿದರೆ ನಿಜಕ್ಕಿಂತ ಕಡಿಮೆ ಸ್ಥಿರತೆ ತೋರಿಸುತ್ತದೆ.

ಅಳೆಯಲು ಎಸ್.ಪಿ. ರೋಡಿನಲ್ಲಿ ಸಿಗುವ 150 ಎಂಎಂ ಡಿಜಿಟಲ್ ಕ್ಯಾಲಿಪರ್ ಸಾಕು, ಸೊನ್ನೆಗೆ ಸರಿಯಾಗಿ ವಾಪಸ್ ಬರುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ ತನ್ನಿ. ತೂಕಕ್ಕೆ ಅಕ್ಕಸಾಲಿಗರ 0.01 ಗ್ರಾಂ ತಕ್ಕಡಿ. ಒಂದು ಗ್ರೇನ್ ಅಂದರೆ 0.0648 ಗ್ರಾಂ. ಒಂದೇ ಲಾಟಿನ ಹತ್ತು ಗುಂಡು ಅಳೆದು ಸರಾಸರಿ ತೆಗೆಯಿರಿ, ಏಕೆಂದರೆ ತೆರೆದ ಮೂತಿಯ ಮ್ಯಾಚ್ (ಸ್ಪರ್ಧೆಯ) ಗುಂಡುಗಳ ತುದಿ ಒರಟು, ಒಂದಕ್ಕೊಂದು ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಇಲ್ಲಿ ನಮ್ಮವರು ಮಾಡುವ ಸಾಮಾನ್ಯ ತಪ್ಪು: ಕ್ಯಾಲಿಪರಿಗೆ ಕಂಪ್ಯಾರೇಟರ್ ಎಂಬ ಬಿಲ್ಲೆ ಹಾಕಿ ಬುಡದಿಂದ ಓಜೈವ್‌ವರೆಗೆ, ಅಂದರೆ ಮೂತಿಯ ಬಾಗಿನವರೆಗೆ ಮಾತ್ರ, ಅಳೆದ ಅಂಕಿಯನ್ನು ಸೂತ್ರಕ್ಕೆ ತುರುಕುವುದು. ಅದು ಸೀಟಿಂಗ್, ಅಂದರೆ ಗುಂಡನ್ನು ತೋಟಾದಲ್ಲಿ ಎಷ್ಟು ಆಳ ಕೂರಿಸಬೇಕೆಂಬ ಲೆಕ್ಕದ ಅಂಕಿ. ಇಲ್ಲಿ ಬೇಕಿರುವುದು ಬುಡದಿಂದ ಮೂತಿಯ ತುದಿವರೆಗಿನ ಪೂರ್ತಿ ಉದ್ದ. ಫ್ಯಾಕ್ಟರಿಯಿಂದ ತುಂಬಿ ಬಂದ ತೋಟಾ ಆದರೆ ಹೊರಗಿಂದ ಉದ್ದ ಸಿಗುವುದಿಲ್ಲ, ಬಿಚ್ಚಲು ಹೋಗಬೇಡಿ. ಗುಂಡಿನ ತಯಾರಕರು ಕೊಡುವ ಪಟ್ಟಿಯಲ್ಲಿ ಉದ್ದ ಇರುತ್ತದೆ.

ಲೆಕ್ಕಕ್ಕೆ ಹಳೆಯ ಸೂತ್ರ ಗ್ರೀನ್‌ಹಿಲ್‌ದು, 1879ರದ್ದು: 150ನ್ನು ವ್ಯಾಸದ ವರ್ಗದಿಂದ ಗುಣಿಸಿ, ಉದ್ದದಿಂದ ಭಾಗಿಸಿ. ಆ ಕಾಲದ ಮೊಂಡು ಮೂತಿಯ ಗುಂಡುಗಳಿಗೆ ಹೇಳಿ ಮಾಡಿಸಿದ್ದು. ಇವತ್ತಿನ ಉದ್ದ ಮೂತಿಯ ಗುಂಡಿಗೆ ಮಿಲ್ಲರ್ ಸೂತ್ರವೇ ವಾಸಿ. ಅದನ್ನು ನೋಡಿದರೆ ಭಯವಾಗುತ್ತದೆ, ಆದರೆ ಇಂಚಿನಲ್ಲೇ ಲೆಕ್ಕ ಮಾಡುವವರಿಗೆ ಅದು ಹೀಗೆ ಸರಳವಾಗುತ್ತದೆ. ಗುಂಡಿನ ಉದ್ದವನ್ನು ವ್ಯಾಸದಿಂದ ಭಾಗಿಸಿ. ಬಂದದ್ದನ್ನು ‘ಉ’ ಎನ್ನೋಣ. ಉ-ದ ವರ್ಗಕ್ಕೆ 1 ಕೂಡಿಸಿ, ಮತ್ತೆ ಉ-ದಿಂದ ಗುಣಿಸಿ. ಅದನ್ನು ಟ್ವಿಸ್ಟಿನ ವರ್ಗದಿಂದಲೂ ವ್ಯಾಸದಿಂದಲೂ ಗುಣಿಸಿ. 30ನ್ನು ಗ್ರೇನ್ ತೂಕದಿಂದ ಗುಣಿಸಿ, ಈ ಮೊತ್ತದಿಂದ ಭಾಗಿಸಿ. ಸಿಕ್ಕಿದ್ದು ಎಸ್‌ಜಿ, ಸ್ಥಿರತೆಯ ಅಂಕ.

ಶುರುವಿನಲ್ಲಿ ಹೇಳಿದ ಹಾಳೆಯ ಜೋಡಿಯನ್ನೇ ತೆಗೆದುಕೊಳ್ಳಿ. .243 ವ್ಯಾಸ, 105 ಗ್ರೇನ್, ಉದ್ದ 1.24 ಇಂಚು, ಬ್ಯಾರಲ್ 1:10. ಉ ಅಂದರೆ 5.10. ವರ್ಗ 26.04, ಒಂದು ಕೂಡಿಸಿದರೆ 27.04, ಉ-ದಿಂದ ಗುಣಿಸಿದರೆ 138. ಟ್ವಿಸ್ಟಿನ ವರ್ಗ 100, ಅದು ಗುಣಿಸು .243, ಅಂದರೆ 24.3. 138 ಗುಣಿಸು 24.3 ಸುಮಾರು 3,353. ಮೇಲೆ 30 ಗುಣಿಸು 105, ಅಂದರೆ 3,150. ಎಸ್‌ಜಿ 0.94. ಇದು ಸೆಕೆಂಡಿಗೆ 2,800 ಅಡಿ ವೇಗಕ್ಕೆ. ನಮ್ಮ ವೇಗ 2,950. ಎರಡರ ಅನುಪಾತದ ಘನಮೂಲದಿಂದ ಗುಣಿಸಿದರೆ 0.956. ವೇಗ ಹೆಚ್ಚಿಸಿ ಸ್ಥಿರತೆ ಗಳಿಸುತ್ತೇನೆ ಎನ್ನುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು: 150 ಅಡಿ ಏರಿಸಿ ಸಿಕ್ಕಿದ್ದು ಶೇ. 2ಕ್ಕಿಂತ ಕಡಿಮೆ. ಟ್ವಿಸ್ಟ್ ಒಂದು ಇಂಚು ಬಿಗಿಯಾದರೆ, ಅಂದರೆ 1:9 ಆದರೆ, ಶೇ. 23.

ಎಸ್‌ಜಿ 1ಕ್ಕಿಂತ ಕೆಳಗಿದ್ದರೆ ಗುಂಡು ಉರುಳುತ್ತದೆ. 1ರಿಂದ 1.2ರವರೆಗೆ ಹೇಗೋ ನೆಟ್ಟಗೆ ಹೋಗಬಹುದು, ತೂರಾಡುತ್ತಾ ಹೋಗಬಹುದು. 1.3 ದಾಟಿದರೆ ಗ್ರೂಪು ಚೆನ್ನಾಗಿ ಬರುತ್ತದೆ. 1.5 ದಾಟಿದರೆ ಮಾತ್ರ ಗುಂಡು ತನ್ನ ಪೂರ್ತಿ ಬ್ಯಾಲಿಸ್ಟಿಕ್ ಕೋಎಫಿಷಿಯೆಂಟ್, ಅಂದರೆ ಗಾಳಿಯನ್ನು ಸೀಳಿಕೊಂಡು ವೇಗ ಉಳಿಸಿಕೊಳ್ಳುವ ಗುಣ, ಕೊಡುತ್ತದೆ. ಹಾಗಿದ್ದರೆ 0.956 ಇರುವ ಗುಂಡು ಬೆಂಗಳೂರಿನಲ್ಲಿ ಹೆಚ್ಚೂಕಡಿಮೆ ದುಂಡಗಿನ ತೂತು ಮಾಡಿದ್ದು ಹೇಗೆ?

ಉತ್ತರ ಗಾಳಿಯಲ್ಲಿದೆ. ಸೂತ್ರದ ಅಂಕಿ ಸಮುದ್ರಮಟ್ಟದ, 15 ಡಿಗ್ರಿ ಸೆಲ್ಸಿಯಸ್ ಗಾಳಿಗೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ; ಇಲ್ಲಿನ ನಿಜವಾದ ಗಾಳಿಯೊತ್ತಡ 910 ಹೆಕ್ಟೊಪಾಸ್ಕಲ್ ಆಸುಪಾಸು. ಮಗುಚಲು ಗಾಳಿಯೇ ಕಡಿಮೆ. ತಿದ್ದುಪಡಿ ಹೀಗೆ: ಫ್ಯಾರನ್‌ಹೀಟ್ ಉಷ್ಣತೆಗೆ 460 ಕೂಡಿಸಿ 519ರಿಂದ ಭಾಗಿಸಿ, ಅದನ್ನು 1013ನ್ನು ಸ್ಥಳದ ಒತ್ತಡದಿಂದ ಭಾಗಿಸಿ ಬಂದದ್ದರಿಂದ ಗುಣಿಸಿ. ಡಿಸೆಂಬರ್ ಬೆಳಗಿನ 16 ಡಿಗ್ರಿಗೆ ಬೆಂಗಳೂರಿನಲ್ಲಿ 1.12 ಬರುತ್ತದೆ. ಏಪ್ರಿಲ್ ಮಧ್ಯಾಹ್ನದ 34 ಡಿಗ್ರಿಗೆ 1.19. ನಮ್ಮ 0.956 ಹೀಗೆ 1.07ಕ್ಕೆ, 1.13ಕ್ಕೆ ಏರುತ್ತದೆ. ದಿಲ್ಲಿ ಇರುವುದು ಸುಮಾರು 220 ಮೀಟರ್ ಎತ್ತರದಲ್ಲಿ. ಚಳಿಗಾಲದ ಬೆಳಗ್ಗೆ 8 ಡಿಗ್ರಿ, ಒತ್ತಡ 990ರ ಹತ್ತಿರ ಎಂದರೆ ತಿದ್ದುಪಡಿ ಬರಿ 1.0. ಎಸ್‌ಜಿ ಮತ್ತೆ 0.95ಕ್ಕೆ ಇಳಿಯಿತು. ಗುಂಡು ಅಡ್ಡ ಬೀಳುವುದರಲ್ಲಿ ಆಶ್ಚರ್ಯ ಏನಿದೆ?

ಈ ತಿದ್ದುಪಡಿಯಲ್ಲೇ ಅತಿ ಹೆಚ್ಚು ಜನ ಜಾರುವುದು. ಫೋನಿನ ಹವಾಮಾನದ ಆಪ್ ಬೆಂಗಳೂರಿಗೂ 1012, 1014 ಎಂದೇ ತೋರಿಸುತ್ತದೆ. ಅದು ಸಮುದ್ರಮಟ್ಟಕ್ಕೆ ಇಳಿಸಿ ಹೇಳುವ ಒತ್ತಡ, ವಿಮಾನದವರಿಗೂ ನಕಾಶೆ ಬರೆಯುವವರಿಗೂ ಬೇಕಾದದ್ದು. ಅದನ್ನು ‘ಇಲ್ಲಿನ ಒತ್ತಡ’ ಎಂದು ಕ್ಯಾಲ್ಕುಲೇಟರಿಗೆ ಕೊಟ್ಟರೆ ಬೆಂಗಳೂರು ಮಲ್ಪೆ ಬೀಚಿನ ಪಕ್ಕಕ್ಕೆ ಬಂದು ಕೂರುತ್ತದೆ. ಇನ್ನು ಕೆಲವರು ನಿಜವಾದ 910 ಕೊಟ್ಟು, ಅದರ ಜೊತೆ 920 ಮೀಟರ್ ಎತ್ತರವನ್ನೂ ತುಂಬುತ್ತಾರೆ. ಆಗ ಎತ್ತರ ಎರಡು ಸಲ ಲೆಕ್ಕಕ್ಕೆ ಬಂದು ಗುಂಡಿಗೆ ಇಲ್ಲದ ಬಲ ಬರುತ್ತದೆ. ಎರಡರಲ್ಲಿ ಒಂದು ಕೊಡಿ. ಬ್ಯಾರೋಮೀಟರ್ ಇರುವ ಫೋನಾದರೆ ಅದರ ನೇರ ಅಂಕಿಯೇ ಸ್ಥಳದ ಒತ್ತಡ.

ಚಳಿಯ ಪಾಠವನ್ನು ಅಮೆರಿಕದ ಸೇನೆಯೂ ಕಲಿಯಬೇಕಾಯಿತು. ಮೊದಮೊದಲ ಎಆರ್-15 ರೈಫಲ್‌ಗಳ ಬ್ಯಾರಲ್ 1:14 ಇತ್ತು, 55 ಗ್ರೇನ್ ಗುಂಡಿಗೆ. ಬೇಸಿಗೆಯಲ್ಲಿ ಸರಿಯಾಗಿಯೇ ಇತ್ತು. ತೀರಾ ಶೀತದ ಪರೀಕ್ಷೆಯಲ್ಲಿ ಗುಂಡು ತೂರಾಡಿತು. 1963ರಲ್ಲಿ ಟ್ವಿಸ್ಟನ್ನು 1:12ಕ್ಕೆ ಬಿಗಿ ಮಾಡಿದರು. ಮುಂದೆ ಅದೇ ವಂಶದ ಎಂ16ಎ2 ರೈಫಲ್ ಬಂದಾಗ 1:7. ಅಷ್ಟು ಬಿಗಿ ಬೇಕಾದದ್ದು ಮಾಮೂಲಿ ಗುಂಡಿಗಲ್ಲ, ಅದರ ಜೊತೆಗಿನ ಉದ್ದನೆಯ ಟ್ರೇಸರ್ (ಉರಿಯುತ್ತಾ ದಾರಿ ತೋರಿಸುವ) ಗುಂಡಿಗೆ. ಅಲ್ಲೂ ಉದ್ದವೇ ನಿರ್ಧರಿಸಿದ್ದು.

ಹಾಳೆಯ ಪರೀಕ್ಷೆಗೆ ಬರೋಣ. ನಗರದೊಳಗೆ ಸುಲಭಕ್ಕೆ ಸಿಗುವುದು 50 ಮೀಟರ್ ರೇಂಜು. ದೊಡ್ಡ ಬೋರಿಗೆ ಪೊಲೀಸ್ ಅಥವಾ ಸೇನೆಯ ರೇಂಜಿನಲ್ಲಿ ದಿನ ಕೇಳಿಕೊಂಡು ಕಾಯಬೇಕು. ಸಿಕ್ಕ ದಿನವನ್ನು ಹಾಳು ಮಾಡದಿರಲು ಹಾಳೆ ಮೊದಲೇ ಸಿದ್ಧವಿರಲಿ. ನ್ಯೂಸ್‌ಪ್ರಿಂಟ್, ಝೆರಾಕ್ಸ್ ಪೇಪರ್ ಹರಿಯುತ್ತವೆ. ಹರಿದ ಅಂಚು ನೋಡಿ ‘ಅಡ್ಡ ಬಿದ್ದಿದೆ’ ಎಂದು ಹೆದರುವವರೇ ಹೆಚ್ಚು. ಅವೆನ್ಯೂ ರಸ್ತೆಯ ಕಾಗದದ ಅಂಗಡಿಗಳಲ್ಲಿ ಸಿಗುವ ಗಟ್ಟಿ ಕಾರ್ಡ್‌ಶೀಟ್ ತಂದು, ಹಿಂದೆ ರಟ್ಟು ಕೊಟ್ಟು, ನಾಲ್ಕೂ ಮೂಲೆ ಬಿಗಿಯಾಗಿ ಕ್ಲಿಪ್ ಮಾಡಿ. ಗಾಳಿಗೆ ಪಟಪಟ ಬಡಿಯುವ ಹಾಳೆ ಸುಳ್ಳು ಹೇಳುತ್ತದೆ. 25ಕ್ಕೂ 50ಕ್ಕೂ ಬೇರೆಬೇರೆ ಹಾಳೆ, ತಲಾ ಐದು ಗುಂಡು. ಯಾಕೆ ಎರಡು ದೂರ? ತೂರಾಡುವ ಗುಂಡಿನ ಮೂತಿ ಸುತ್ತು ಹಾಕುತ್ತಾ ಹೋಗುತ್ತದೆ. ಒಂದು ದೂರದಲ್ಲಿ ನೆಟ್ಟಗಿದ್ದು ಇನ್ನೊಂದರಲ್ಲಿ ವಾಲಿರಬಹುದು.

ತೂತಿನ ಅಳತೆ ಕ್ಯಾಲಿಬರ್‌ಗೆ ಸಮ ಇರುವುದಿಲ್ಲ, ಕಾಗದ ಕುಗ್ಗುತ್ತದೆ. ಆದ್ದರಿಂದ ತೂತಿನ ಉದ್ದ, ಅಗಲ ಎರಡೂ ಅಳೆದು ಒಂದಕ್ಕೊಂದು ಹೋಲಿಸಿ. ಎಲ್ಲ ತೂತೂ ಅಂಡಾಕಾರವಾಗಿದ್ದರೆ ಟ್ವಿಸ್ಟ್ ಸಾಲದು. ಹತ್ತರಲ್ಲಿ ಒಂದು ಮಾತ್ರ ಹಾಗಿದ್ದರೆ ಆ ಗುಂಡಿನ ದೋಷ ಅಥವಾ ದಾರಿಯಲ್ಲಿ ಹುಲ್ಲುಕಡ್ಡಿ ತಾಗಿದ್ದು. ತೂತು ದುಂಡಗಿದ್ದು ಗ್ರೂಪು ಮಾತ್ರ ಚದುರಿದರೆ ಟ್ವಿಸ್ಟನ್ನು ಬಯ್ಯಬೇಡಿ. ಕ್ರೌನಿನ (ಬ್ಯಾರಲಿನ ಬಾಯಿಯ) ಅಂಚು, ಆ್ಯಕ್ಷನ್ ಸ್ಕ್ರೂಗಳ ಬಿಗಿ, ಸ್ಕೋಪಿನ ರಿಂಗು, ತಾಮ್ರ ಹಿಡಿದ ಬೋರು, ಈ ಕ್ರಮದಲ್ಲಿ ನೋಡಿ. ಕ್ರೌನಿನಲ್ಲಿ ಒಂದು ಗೀರಿದ್ದರೆ ಕೂಡ ಗುಂಡು ಓರೆಯಾಗಿಯೇ ಹೊರಗೆ ಬರುತ್ತದೆ.

‘ಹಾಗಾದರೆ ಎಲ್ಲದಕ್ಕೂ 1:7 ಹಾಕಿಸಿಬಿಟ್ಟರಾಯಿತಲ್ಲ ಸಾರ್?’ ಹೊಸಬರು ಖಂಡಿತ ಕೇಳುತ್ತಾರೆ. ಬಿಗಿಗೂ ಬೆಲೆ ಇದೆ. ನಿಮಿಷಕ್ಕೆ ಎಷ್ಟು ಸುತ್ತು ಎಂದು ತಿಳಿಯಲು ಅಡಿಯ ವೇಗವನ್ನು 720ರಿಂದ ಗುಣಿಸಿ ಟ್ವಿಸ್ಟಿನಿಂದ ಭಾಗಿಸಿ. 55 ಗ್ರೇನ್ ಗುಂಡು 3,250 ಅಡಿ ವೇಗದಲ್ಲಿ 1:7 ಬ್ಯಾರಲಿನಿಂದ ಹೊರಟರೆ 3,34,000 ಸುತ್ತು. ಬೇಟೆಯ ತೆಳು ಜ್ಯಾಕೆಟ್ಟಿನ ಗುಂಡಾದರೆ ಇಷ್ಟಕ್ಕೆ ಗಾಳಿಯಲ್ಲೇ ಸಿಡಿದುಹೋಗಬಹುದು. ಟಾರ್ಗೆಟ್ ತಲುಪುವುದು ಬೂದು ಹೊಗೆಯ ಗೆರೆ ಮಾತ್ರ. ಜ್ಯಾಕೆಟ್ ಒಂದು ಕಡೆ ದಪ್ಪ, ಒಂದು ಕಡೆ ತೆಳು ಇದ್ದರೆ ಆ ಅಸಮತೋಲನವನ್ನು ಹೆಚ್ಚಿನ ಸುತ್ತು ಹೆಚ್ಚಾಗಿಯೇ ತೋರಿಸುತ್ತದೆ. ಬಲಕ್ಕೆ ಜರುಗುವುದೂ ಇದೆ: ಬಲಸುತ್ತಿನ ಬ್ಯಾರಲಿನಿಂದ .308 ಇಂಚು ವ್ಯಾಸದ 175 ಗ್ರೇನ್ ಗುಂಡು 300 ಮೀಟರಿನಲ್ಲಿ 2 ಸೆಂಟಿಮೀಟರ್ ಆಸುಪಾಸು, 1,000 ಗಜದಲ್ಲಿ 10 ಇಂಚಿನಷ್ಟು ಬಲಕ್ಕೆ ಹೋಗುತ್ತದೆ. 300 ಮೀಟರ್ ಟಾರ್ಗೆಟ್ಟಿನ ಹತ್ತರ ವಲಯ 100 ಎಂಎಂ. ಅಲ್ಲಿ ಇದು ಸೈಟಿನ ಕ್ಲಿಕ್ಕಿನಲ್ಲೇ ಮುಗಿದುಹೋಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಮ್ಯಾಚ್ ಗುಂಡಿನ ದಪ್ಪ ಜ್ಯಾಕೆಟ್ಟಿಗೆ ಸ್ವಲ್ಪ ಹೆಚ್ಚು ಟ್ವಿಸ್ಟಿನಿಂದ ಆಗುವ ನಷ್ಟ ಕಡಿಮೆ, ಕಡಿಮೆ ಟ್ವಿಸ್ಟಿನಿಂದ ಆಗುವುದೇ ಹೆಚ್ಚು. ಆದರೂ ಚಿಕ್ಕ ಗುಂಡನ್ನೇ ಹೊಡೆಯುವವರಿಗೆ ಬಿಗಿ ಬೇಕಿಲ್ಲ: ದೂರದ ಟಾರ್ಗೆಟ್ ಹೊಡೆಯುವ ಫುಲ್‌ಬೋರ್ ಸ್ಪರ್ಧೆಯವರು .308ರ 155 ಗ್ರೇನಿಗೆ 1:13 ಬ್ಯಾರಲನ್ನೇ ಬಹುಕಾಲ ಇಟ್ಟುಕೊಂಡು ಬಂದಿದ್ದಾರೆ, ಲೆಕ್ಕ ಹಾಕಿದರೆ ಎಸ್‌ಜಿ 1.7.

ಅದೇ .308ರಲ್ಲಿ ಇನ್ನೊಂದು ಜೋಡಿ ನೋಡಿ: 1:12 ಬ್ಯಾರಲ್, 1.353 ಇಂಚಿನ 190 ಗ್ರೇನ್ ಗುಂಡು, ವೇಗ 2,500 ಅಡಿ. ಸಮುದ್ರಮಟ್ಟದ ಲೆಕ್ಕದಲ್ಲಿ 1.39. ಬೆಂಗಳೂರಿನಲ್ಲಿ 1.55ರಿಂದ 1.65. ದಿಲ್ಲಿ ಚಳಿಯಲ್ಲಿ ಮತ್ತೆ 1.39. ಇಲ್ಲಿ ತೂತು ಎರಡೂ ಊರಲ್ಲಿ ದುಂಡಗೇ ಇರುತ್ತದೆ, ಹಾಗಾಗಿ ಈ ದೋಷವನ್ನು ಹಾಳೆ ತೋರಿಸುವುದೇ ಇಲ್ಲ. ದೂರ ಹೋದಂತೆ ಗುಂಡು ಲೆಕ್ಕಕ್ಕಿಂತ ಸ್ವಲ್ಪ ಕೆಳಗೆ ಬೀಳುತ್ತದೆ, ಗಾಳಿಗೆ ಸ್ವಲ್ಪ ಜಾಸ್ತಿ ಸರಿಯುತ್ತದೆ. 300 ಮೀಟರಿನಲ್ಲಿ ಗೊತ್ತೇ ಆಗುವುದಿಲ್ಲ. 900 ಗಜದಲ್ಲಿ ‘ಇವತ್ತು ಗಾಳಿ ಓದೋದು ತಪ್ಪಿತು’ ಎಂದು ತಮ್ಮನ್ನು ತಾವೇ ಬಯ್ದುಕೊಂಡು ಬರುತ್ತಾರೆ. 1:11 ಆಗಿದ್ದರೆ ದಿಲ್ಲಿಯಲ್ಲೂ 1.65 ಉಳಿಯುತ್ತಿತ್ತು.

ಎಸ್‌ಜಿ ಸಾಕಷ್ಟಿದ್ದರೂ ಕೈಕೊಡುವ ಗುಂಡೂ ಇದೆ. .308ರ 168 ಗ್ರೇನಿನ ಮ್ಯಾಚ್‌ಕಿಂಗ್ ಎಂಬ ಗುಂಡು 1:12ರಲ್ಲಿ 1.7 ಎಸ್‌ಜಿ ಕೊಡುತ್ತದೆ, 300 ಮೀಟರಿಗೆ ಅದು ಬಂಗಾರ. ಆ ದೂರಕ್ಕೆಂದೇ ಮಾಡಿದ ಗುಂಡು. ಆದರೆ ಅದರ ದೋಣಿಬಾಲದ ಕೋನ 13 ಡಿಗ್ರಿ, ತೀರಾ ಕಡಿದು. ವೇಗ ಇಳಿದು ಶಬ್ದದ ವೇಗದ ಹತ್ತಿರ ಬಂದಾಗ ತೂರಾಟ ತಣಿಯುವ ಬದಲು ಬೆಳೆಯುತ್ತದೆ. 1,000 ಗಜದ ಟಾರ್ಗೆಟ್ಟಿನಲ್ಲಿ ಅಡ್ಡ ತೂತು ಕಾಣುವುದು ಇದಕ್ಕೇ. ಟ್ವಿಸ್ಟ್ ಬದಲಿಸಿ ಇದನ್ನು ಸರಿಮಾಡಲು ಹೋಗಬೇಡಿ, ಗುಂಡು ಬದಲಿಸಿ. 9 ಡಿಗ್ರಿ ಬಾಲದ 175 ಗ್ರೇನ್ ಅಲ್ಲಿಗೆ ನೆಟ್ಟಗೆ ತಲುಪುತ್ತದೆ. ಹತ್ತಿರದ ಹಾಳೆಯ ಪರೀಕ್ಷೆಯಿಂದ ಈ ರೋಗ ಎಂದೂ ಪತ್ತೆಯಾಗದು.

.22 ರೈಫಲಿನವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ. 40 ಗ್ರೇನ್ ಗುಂಡು, 1:16ರ ಸುತ್ತಮುತ್ತಲಿನ ಟ್ವಿಸ್ಟ್, ಎಲ್ಲರದೂ ಅದೇ. ಶಬ್ದದ ವೇಗಕ್ಕಿಂತ ಕೆಳಗಿನ ಗುಂಡಿಗೆ ಮಿಲ್ಲರ್ ಸೂತ್ರ ಹಾಕುವುದೂ ಸರಿಯಲ್ಲ. ಅವರ ದುಡ್ಡು, ಸಮಯ ಲಾಟ್ ಟೆಸ್ಟಿಂಗಿಗೆ, ಅಂದರೆ ಬೇರೆಬೇರೆ ಲಾಟಿನ ತೋಟಾ ಹೊಡೆದು ಒಗ್ಗುವುದನ್ನು ಆರಿಸುವುದಕ್ಕೆ, ಹೋಗಲಿ.

6 ಎಂಎಂಗೆ ಹೊಸ ಬ್ಯಾರಲಿನ ಆರ್ಡರ್ ಬರೆಸುವಾಗ ನಾವು ಬಳಸುವ ಲೆಕ್ಕ ಇಷ್ಟೇ: ಮುಂದಿನ ಎರಡು ಮೂರು ವರ್ಷ ಹೊಡೆಯಬಹುದಾದ ಅತಿ ಉದ್ದದ ಗುಂಡು, ಹೋಗಬಹುದಾದ ಅತಿ ತಗ್ಗಿನ ಊರು, ಅಲ್ಲಿನ ಅತಿ ಚಳಿಯ ಬೆಳಗು. ಈ ಮೂರರಲ್ಲಿ 1.5 ಬರಬೇಕು. 105 ಗ್ರೇನಿಗೆ 1:8 ಹಾಕಿದರೆ ದಿಲ್ಲಿಯಲ್ಲಿ 1.49, ಅಂಚಿಗೆ ಸರಿಯಾಗಿ ನಿಲ್ಲುತ್ತದೆ. ಅದಕ್ಕಿಂತ ಉದ್ದದ ಗುಂಡಿನ ಯೋಚನೆ ಇದ್ದರೆ 1:7.5, ಆಗ ಇದೇ ಗುಂಡಿಗೆ 1.7. ಬೆಂಗಳೂರಿನ ಅಂಕಿಯನ್ನು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳುತ್ತೇವೆ, ಇಲ್ಲಿನ ಹಾಳೆಯಲ್ಲಿ ಏನು ಕಾಣಬೇಕೆಂದು ಗೊತ್ತಿರಲಿ ಎಂದು. ಬ್ಯಾರಲ್ ಬಂದ ದಿನ ಅದನ್ನು ಫಿಟ್ ಮಾಡುವ ಮೊದಲೇ ಮತ್ತೆ ರಾಡ್, ಮತ್ತೆ ಬಾವುಟ, ಮತ್ತೆ ಐದು ಸಲ.